ಸತ್ಯಾಂಶ: ಸೌರಜ್ವಾಲೆ ಬಂತೆಂದು ರಾತ್ರಿ ಮೊಬೈಲ್ ಆಫ್ ಮಾಡಬೇಕೆ?

‘ಸೌರಜ್ವಾಲೆಯಿಂದ ಸೂರ್ಯನ ಕಾಂತಕ್ಷೇತ್ರ ತಲೆಕೆಳಗಾಗಿದೆ, ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ದೂರವಿಡಿ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಸೌರಜ್ವಾಲೆ ಎಂದರೆ ಸೂರ್ಯನ ಮೇಲೆ ಥಟ್ಟನೆ ಆಗುವ ಶಕ್ತಿಸ್ಫೋಟ. ಸಂದೇಶದ ಎರಡೂ ಮಾತು ತಪ್ಪು.

ಸೂರ್ಯನ ಕಾಂತಧ್ರುವಗಳು ಅದಲುಬದಲಾಗುವುದು ಸುಮಾರು 11 ವರ್ಷಕ್ಕೊಮ್ಮೆ, ಅದೂ ತಿಂಗಳುಗಟ್ಟಲೆ ನಿಧಾನವಾಗಿ. ಜ್ವಾಲೆಯ ಹೊತ್ತಿನಲ್ಲಿ ಬದಲಾಗುವುದು ಒಂದು ಸೌರಕಲೆ (ಸೂರ್ಯನ ಮೇಲಿನ ಕಪ್ಪು ಮಚ್ಚೆ) ಗುಂಪಿನ ಕ್ಷೇತ್ರ ಮಾತ್ರ. ಆ ಗುಂಪಿನಲ್ಲಿ ವಿರುದ್ಧ ಧ್ರುವತೆಗಳು (ಉತ್ತರ, ದಕ್ಷಿಣ) ಒಂದಕ್ಕೊಂದು ತಾಗುವ ಗೆರೆಯೊಂದಿರುತ್ತದೆ. ಅದರ ಮೇಲೆ ಹಗ್ಗದಂತೆ ಹುರಿಗೊಂಡ ಕಾಂತ ಬಲರೇಖೆಗಳು ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಕಡಿದು ಮರುಜೋಡಣೆಯಾದಾಗ ಶಕ್ತಿ ಸಿಡಿಯುತ್ತದೆ. ಆಗ ಕೆಳಗೆ, ಮೇಲ್ಮೈಯಲ್ಲಿ, ಕ್ಷೇತ್ರ ಇನ್ನಷ್ಟು ಅಡ್ಡಕ್ಕೆ ಬಾಗುತ್ತದೆ. 2011ರ ಫೆಬ್ರವರಿ 15ರ ಎಕ್ಸ್2.2 (ಎಕ್ಸ್ ಅತಿ ಪ್ರಬಲ ವರ್ಗ) ಜ್ವಾಲೆಯಲ್ಲಿ, ಸೂರ್ಯನನ್ನು ವೀಕ್ಷಿಸುವ ನಾಸಾದ ಎಸ್‌ಡಿಓ ನೌಕೆ ಇದನ್ನು ಸ್ಪಷ್ಟವಾಗಿ ಅಳೆಯಿತು: ಗೆರೆಯ ಬಳಿ ಅಡ್ಡ ಕ್ಷೇತ್ರ ಸುಮಾರು ಶೇ 30ರಷ್ಟು ಹೆಚ್ಚಿತು, ಜ್ವಾಲೆ ಆರಿದ ಮೇಲೂ ಹಾಗೇ ಉಳಿಯಿತು. ಧ್ರುವತೆ ಮಾತ್ರ ತಿರುಗಲಿಲ್ಲ.

ಇನ್ನು ಮೊಬೈಲ್. ಜ್ವಾಲೆಯ ಎಕ್ಸ್‌ ಕಿರಣ ಸುಮಾರು 8 ನಿಮಿಷದಲ್ಲಿ ಭೂಮಿಗೆ ತಲುಪುತ್ತದೆ, ನಿಜ. ಆದರೆ ಅದು ಮೇಲಿನ ವಾಯುಮಂಡಲದಲ್ಲೇ ಹೀರಿಹೋಗುತ್ತದೆ. ಮಧ್ಯರಾತ್ರಿಯಲ್ಲಂತೂ ಸೂರ್ಯ ನಮ್ಮ ಕಾಲಡಿಯ ಆಚೆಗಿರುತ್ತಾನೆ! ತೊಂದರೆಯಾಗುವುದು ಹಗಲಿರುವ ಭಾಗದ ಶಾರ್ಟ್‌ವೇವ್ ರೇಡಿಯೊಗೆ. ದಿಂಬಿನ ಪಕ್ಕದ ಫೋನನ್ನು ಜ್ವಾಲೆಗೆ ಹೆದರಿ ಆಫ್ ಮಾಡಬೇಕಿಲ್ಲ.