ಸೋಲ್‌ನಲ್ಲಿ ಕೆಲಸಕ್ಕೆ ಬಂದ ಕನ್ನಡ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನಗೆ ಕನ್ನಡವೆಂದರೆ ಮನೆಯಲ್ಲಿ ಉಡುವ ಹಳೆಯ ಲುಂಗಿಯ ಹಾಗೆ. ಮೈಗೆ ಹಿತ, ಉಟ್ಟುಕೊಂಡು ಹೊರಗೆ ಹೋಗುವಂತಿಲ್ಲ. ಬೀದಿಗೆ ಮರಾಠಿ, ಲೋಕಲ್ ರೈಲಿಗೆ ಹಿಂದಿ, ಕಾಲೇಜಿಗೆ ಇಂಗ್ಲಿಷ್. ಕನ್ನಡ ಉಳಿದದ್ದು ವಿಜಯಪುರದಿಂದ ಬಂದು ನಮ್ಮ ಜೊತೆಗಿರುವ ಅಜ್ಜಿಯ ಪಾಲಿಗೆ, ಮತ್ತು ತರಕಾರಿಯವನ ಎದುರಿಗೇ ಅವನಿಗೆ ತಿಳಿಯದಂತೆ ಬೆಲೆಯ ಬಗ್ಗೆ ಮಾತಾಡಿಕೊಳ್ಳಲು. ಅದು ಸಮುದ್ರ ದಾಟಿದ ಮೇಲೆ ಕೆಲಸಕ್ಕೆ ಬಂದೀತೆಂದು ಯಾರು ಎಣಿಸಿದ್ದರು?

2023ರ ಆಗಸ್ಟ್ ಕೊನೆಯಲ್ಲಿ ವಿದ್ಯಾರ್ಥಿ ವಿನಿಮಯದ ಮೇಲೆ ಒಂದು ಸೆಮಿಸ್ಟರ್ ಓದಲು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಹೋದೆ. ಅಲ್ಲಿ ಓದಿನ ವರ್ಷ ಮಾರ್ಚ್‌ನಲ್ಲಿ ಶುರು. ನಾನು ಸೇರಿದ್ದು ಸೆಪ್ಟೆಂಬರ್‌ನ ಎರಡನೆಯ ಸೆಮಿಸ್ಟರಿಗೆ. "ನಿಮ್ಮ ತರಗತಿಗಳೆಲ್ಲ ಇಂಗ್ಲಿಷಿನಲ್ಲಿ, ಭಾಷೆಯ ಚಿಂತೆ ಬೇಡ" ಎಂದು ಮೊದಲ ದಿನವೇ ಧೈರ್ಯ ತುಂಬಿದರು. ಹೇಳಿದ್ದು ಸುಳ್ಳಲ್ಲ, ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಆದರೆ ಗುಂಪಿನಲ್ಲಿ ಮಾಡಬೇಕಾದ ಪ್ರಾಜೆಕ್ಟ್ ಬಂದಾಗ ಐವರು ಸೇರಿ ಕಾಕಾವೊಟಾಕ್ ಎಂಬ ಅಲ್ಲಿನ ಸಂದೇಶದ ಆ್ಯಪ್‌ನಲ್ಲಿ ಒಂದು ಗುಂಪು ಮಾಡಿಕೊಂಡೆವು. ರಾತ್ರಿ ಊಟ ಮುಗಿಸಿ ನೋಡಿದರೆ ಇನ್ನೂರಕ್ಕೂ ಹೆಚ್ಚು ಸಂದೇಶಗಳು, ಎಲ್ಲವೂ ಕೊರಿಯನ್. ಕೊನೆಯಲ್ಲಿ ನನ್ನ ಹೆಸರು ಹಿಡಿದು ಇಂಗ್ಲಿಷಿನಲ್ಲಿ ಒಂದೇ ಸಾಲು: ನಾಳೆ ಆರು ಗಂಟೆ, ಗ್ರಂಥಾಲಯ. ಅವರು ಜಗಳವಾಡಿದ್ದು, ನಕ್ಕಿದ್ದು, ಯಾರಿಗೋ ಜ್ವರ ಬಂದದ್ದು, ಎಲ್ಲವೂ ಆ ಒಂದು ಸಾಲಿನ ಮೇಲ್ಗಡೆ ಉಳಿದುಹೋಗಿತ್ತು. ವಿನಿಮಯ ವಿದ್ಯಾರ್ಥಿಗಳಲ್ಲಿ ಬಹಳ ಜನ ಆ ಸಾಲಿನಲ್ಲೇ ನಾಲ್ಕು ತಿಂಗಳು ಬದುಕಿ, ಫೋಟೊ ತೆಗೆದುಕೊಂಡು ಊರಿಗೆ ಮರಳುತ್ತಾರೆ. ಅವರನ್ನು ದೂರುವುದಿಲ್ಲ. ನಾನೂ ಮೊದಲ ತಿಂಗಳು ಹಾಗೆಯೇ ಇದ್ದೆ.

ಕೊರಿಯಾಕ್ಕೆ ಓದಲು ಹೊರಟ ಕನ್ನಡದ ಹುಡುಗ ಹುಡುಗಿಯರು ಕೇಳಿದರೆ ನಾನು ಹೇಳುವುದು ಇಷ್ಟೆ: ಕೊರಿಯನ್ ಕಲಿಯಿರಿ, ಆದರೆ ಇಂಗ್ಲಿಷಿನ ಮೂಲಕ ಕಲಿಯಬೇಡಿ. ಅದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮುಂಬೈ ಮೇಲೆ ಹಾದು ಹೋದಂತೆ.

ಲಿಪಿಯಿಂದಲೇ ನೋಡಿ. ಹಂಗುಲ್ ಲಿಪಿಯನ್ನು ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಜೆಗಳ ಮುಂದಿಟ್ಟ. ಈಗ ಬಳಕೆಯಲ್ಲಿರುವುದು 14 ಮೂಲ ವ್ಯಂಜನ, 10 ಮೂಲ ಸ್ವರ. ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲದೆ, ಕೆಲವು ಬಲಕ್ಕೆ, ಕೆಲವು ಕೆಳಕ್ಕೆ ಅಂಟಿಕೊಂಡು ಒಂದು ಉಚ್ಚಾರಕ್ಕೆ ಒಂದು ಚೌಕವಾಗುತ್ತವೆ. ಕೊರಿಯನ್ ಭಾಷೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಜರ್ಮನಿಯ ಹುಡುಗಿ ಇದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡಳು. ಗುಡಿಸು, ಕೊಂಬು, ಒತ್ತು ಎಂದು ಬಾಲ್ಯದಲ್ಲಿ ಬಯ್ಗುಳ ತಿಂದು ಕಲಿತ ನಮಗೆ ಇದರಲ್ಲೇನು ಹೊಸತು? ಒಂದು ಎಚ್ಚರ ಮಾತ್ರ ಬೇಕು. ನಮ್ಮ ಒತ್ತಕ್ಷರದಲ್ಲಿ ಸ್ವರ ಕೊನೆಗೆ ಬರುತ್ತದೆ. ಅವರಲ್ಲಿ ಕೆಳಗಿನ ವ್ಯಂಜನಕ್ಕೆ ಮೊದಲೇ ಸ್ವರ ಮುಗಿದಿರುತ್ತದೆ. ಗೋಡೆಯ ಮೇಲಿನ ಪಟದಲ್ಲಿ "ಗಾ, ಗ್ಯಾ, ಗೊ, ಗ್ಯೊ" ಎಂಬ ಸಾಲು ಕಂಡಾಗ ನಾನು ನಕ್ಕುಬಿಟ್ಟೆ, ಅದು ಅಪ್ಪಟ ಕಾಗುಣಿತ. ಅಕ್ಟೋಬರ್ 9ರಂದು ಆಚರಿಸುವ ಹಂಗುಲ್ ದಿನವನ್ನು 1926ರಲ್ಲಿ, ಜಪಾನಿನ ಆಳ್ವಿಕೆಯ ಕಾಲದಲ್ಲಿ, ಮೊದಲು ಆಚರಿಸಿದಾಗ ಅದಕ್ಕೆ ಇಟ್ಟ ಹೆಸರೇ "ಗಾಗ್ಯಾ ದಿನ". ಕಾಗುಣಿತದ ಹೆಸರಿನಲ್ಲಿ ಹಬ್ಬ ಮಾಡಿದ ಜನರ ಮೇಲೆ ನನಗೆ ಆ ಕ್ಷಣಕ್ಕೇ ಪ್ರೀತಿ ಹುಟ್ಟಿತು.

ಉಚ್ಚಾರದಲ್ಲಿ ಎಲ್ಲವೂ ಸಲೀಸಲ್ಲ. ತುಟಿ ಅಗಲಿಸಿ ಹೇಳುವ ಒಂದು ಉಕಾರ ನನಗೆ ಕೊನೆಯವರೆಗೂ ಸರಿಯಾಗಿ ಒಲಿಯಲಿಲ್ಲ. (ತುಳುವರಿಗೆ ಕಷ್ಟವಾಗದು, ಪದದ ಕೊನೆಯಲ್ಲಿ ಅಂಥದೇ ಸ್ವರ ಅವರ ನಾಲಿಗೆಯಲ್ಲಿದೆ.) ಆದರೆ ಬಿಗಿಹಿಡಿದು ಹೇಳುವ ಪಕಾರಕ್ಕೆ ಇಡೀ ತರಗತಿ ಒದ್ದಾಡುತ್ತಿದ್ದಾಗ ನಾನು ಮನೆಯಲ್ಲಿ ಕರೆಯುವಂತೆ "ಅಪ್ಪ" ಎಂದೆ. ಶಿಕ್ಷಕಿ ಚಪ್ಪಾಳೆ ತಟ್ಟಿದರು. ಅವರ ಭಾಷೆಯಲ್ಲೂ ಅಪ್ಪನಿಗೆ ಹೆಚ್ಚುಕಡಿಮೆ ಅದೇ ಪದ, ಅಮ್ಮನಿಗೂ ಅಷ್ಟೆ.

ನಿಜವಾದ ಮೋಜು ಇರುವುದು ಕ್ರಿಯಾಪದಗಳಲ್ಲಿ. "ಬೊರಿದಾ" ಎಂಬುದೊಂದು ಕ್ರಿಯಾಪದ. ಬಿಡಿಯಾಗಿ ಅದಕ್ಕೆ ಎಸೆಯುವುದು ಎಂದರ್ಥ. ಇನ್ನೊಂದು ಕ್ರಿಯಾಪದಕ್ಕೆ ಅಂಟಿದಾಗ ಏನಾಗುತ್ತದೆ ಎಂದು ವಿವರಿಸಲು ನಮ್ಮ ಇಂಗ್ಲಿಷ್ ಪಠ್ಯಪುಸ್ತಕ ಅರ್ಧ ಪುಟ ತೆಗೆದುಕೊಂಡಿತ್ತು: ಕ್ರಿಯೆ ಪೂರ್ತಿ ಮುಗಿಯಿತು, ಮರಳಿ ಬಾರದು, ಹೇಳುವವನಿಗೆ ಅದರಿಂದ ವಿಷಾದವಾಗಿರಬಹುದು, ನಿರಾಳವೂ ಆಗಿರಬಹುದು, ಇತ್ಯಾದಿ. ಜರ್ಮನಿಯ ಹುಡುಗಿ ಓದಿ ಓದಿ ಬೇಸತ್ತು ಪೆನ್ನು ಕೆಳಗಿಟ್ಟಳು. ನನಗೆ ಒಂದೇ ಪದ ಸಾಕಾಯಿತು: ಬಿಡು. ಹೋಗಿಬಿಟ್ಟ, ತಿಂದುಬಿಟ್ಟೆ, ಮರೆತುಬಿಟ್ಟೆ. ದುಃಖವೋ ನಿರಾಳವೋ ಎಂಬುದನ್ನು ದನಿ ಹೇಳುತ್ತದೆ. ಅಲ್ಲಿಂದ ಮುಂದೆ ಗಂಟುಗಳು ಒಂದೊಂದಾಗಿ ಸಡಿಲವಾದವು. "ಮೊಗೊ ಬ್ವಾಸ್ಸೊಯೊ" ಎಂದರೆ ಅಕ್ಷರಶಃ ತಿಂದು ನೋಡಿದೆ. ರುಚಿ ನೋಡಿದವನು ಕಣ್ಣಿನಿಂದ ನೋಡಲಿಲ್ಲ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. "ಹೆ ಜುಸೆಯೊ" ಎಂದರೆ ಮಾಡಿಕೊಡಿ. ಮುಂದೆ ಬೇಕಾದೀತೆಂದು ಬರೆಯುವುದು ಅವರಿಗೂ ಬರೆದಿಡುವುದೇ. ಸಾರು "ಬೊಗುಲ್ ಬೊಗುಲ್" ಕುದಿಯುತ್ತದೆ, ನಮ್ಮಲ್ಲಿ ಕೊತಕೊತ. ಎದೆ "ದುಗುನ್ ದುಗುನ್" ಬಡಿದುಕೊಳ್ಳುತ್ತದೆ, ನಮ್ಮದು ಡವಡವ. "ಇನ್ನೂ ಊಟ ಮಾಡಿಲ್ಲವೇ?" ಎಂದು ಕೇಳಿದರೆ "ಹೌದು, ಮಾಡಿಲ್ಲ" ಎನ್ನುವುದು ನಮ್ಮ ರೂಢಿ, ಅವರದೂ ಹಾಗೆಯೇ. ಇಂಗ್ಲಿಷಿನಲ್ಲಿ ಯೋಚಿಸಿದವರು ಅಲ್ಲಿ ಪ್ರತಿ ಸಲ ಎಡವುತ್ತಿದ್ದರು. ಮರಾಠಿಯಲ್ಲಿ ಮೇಜು ಕುರ್ಚಿಗಳಿಗೂ ಲಿಂಗ ನೆನಪಿಟ್ಟು ಬೆಳೆದವನಿಗೆ, ಬಂದನು ಬಂದಳು ಎಂಬ ಭೇದವೂ ಇಲ್ಲದ ಅವರ ಕ್ರಿಯಾಪದ ಬೇಸಿಗೆ ರಜೆಯಂತೆ ಕಂಡಿತು.

ಇಂಗ್ಲಿಷನ್ನು ನಂಬಿ ಕೆಟ್ಟ ದಿನದ ಕಥೆಯನ್ನೂ ಹೇಳಿಬಿಡುತ್ತೇನೆ. ಎರಡನೆಯ ವಾರ. ನಮ್ಮ ಭಾಷಾ ಶಿಕ್ಷಕಿಗೆ ಐವತ್ತು ದಾಟಿದೆ. ಅವರು ವಿಶ್ವವಿದ್ಯಾಲಯಕ್ಕೆ ಎಲ್ಲಿಂದ ಬರುತ್ತಾರೆಂದು ಕೇಳಬೇಕಿತ್ತು. ಏಕವಚನ ಬಳಸಬಾರದೆಂಬಷ್ಟು ಬುದ್ಧಿ ಇತ್ತು, ಆದ್ದರಿಂದ ನಿಘಂಟು ತೆರೆದು "ನೀವು" ಎಂಬುದಕ್ಕೆ ಗೌರವದ ಪದ ಹುಡುಕಿದೆ. ಇಂಗ್ಲಿಷ್ ನಿಘಂಟು "ದಾಂಗ್‌ಶಿನ್" ಎಂದಿತು. ಎದ್ದು ನಿಂತು, ಕೈ ಕಟ್ಟಿಕೊಂಡು, ದಾಂಗ್‌ಶಿನ್ ಎಲ್ಲಿ ವಾಸಿಸುತ್ತೀರಿ ಎಂದೆ. ತರಗತಿ ಮೌನವಾಯಿತು. ಅಲ್ಲಿ ಎರಡು ವರ್ಷ ಕಳೆದಿದ್ದ ಉಜ್ಬೇಕಿಸ್ತಾನದ ಗೆಳೆಯ ಮೇಜಿನ ಮೇಲೆ ಹಣೆ ಇಟ್ಟುಕೊಂಡ. ಶಿಕ್ಷಕಿ ನಗು ತಡೆದುಕೊಂಡು ಹೇಳಿದರು: "ಈ ಪದವನ್ನು ನನಗೆ ಹೇಳುವವರು ಇಬ್ಬರೇ. ಒಬ್ಬರು ನನ್ನ ಗಂಡ. ಇನ್ನೊಬ್ಬರು ನನ್ನ ಕಾರಿಗೆ ಕಾರು ತಾಗಿಸಿ ಜಗಳಕ್ಕೆ ಇಳಿದವರು."

ಹಾಗಾದರೆ ಏನೆನ್ನಬೇಕು? "ನೀವು" ಎಂಬ ಪದವನ್ನೇ ಬಿಡಬೇಕು. ಗುರುಗಳು ಎಲ್ಲಿ ಇರುವುದು ಎಂದು ಕೇಳಬೇಕು. ಹಾಸ್ಟೆಲ್‌ಗೆ ಹಿಂತಿರುಗುವಾಗ ಬಸ್ಸಿನಲ್ಲಿ ಹೊಳೆಯಿತು, ನನ್ನ ಅಜ್ಜಿ ಮಾತಾಡುವುದೇ ಹಾಗೆ! ಮನೆಗೆ ಬಂದ ಹಿರಿಯರಿಗೆ ಆಕೆ ಎಂದೂ "ನೀವು ಊಟ ಮಾಡಿ" ಎಂದವಳಲ್ಲ. "ಆಚಾರ್ಯರು ಏಳಬೇಕು, ಎಲೆ ಹಾಕಿದೆ" ಎನ್ನುತ್ತಾಳೆ. ಬಾ, ಬನ್ನಿ, ಬರಬೇಕು ಎಂಬ ಮೂರು ಮೆಟ್ಟಿಲುಗಳಲ್ಲಿ ಯಾರನ್ನು ಯಾವುದರ ಮೇಲೆ ನಿಲ್ಲಿಸಬೇಕೆಂದು ಆಕೆಗೆ ಗೊತ್ತು. ಅಜ್ಜಿಯನ್ನು ಆ ತರಗತಿಯಲ್ಲಿ ಕೂರಿಸಿದ್ದರೆ ತಪ್ಪುತ್ತಿರಲಿಲ್ಲ.

ನಂಟಿನ ಪದಗಳಲ್ಲೂ ಇದೇ ಕಥೆ. ಅಮ್ಮನ ತಂಗಿ "ಇಮೊ", ಅಪ್ಪನ ತಂಗಿ "ಗೊಮೊ". ಚಿಕ್ಕಮ್ಮನನ್ನೂ ಸೋದರತ್ತೆಯನ್ನೂ ಒಂದೇ ಚೀಲಕ್ಕೆ ತುಂಬುವ ಇಂಗ್ಲಿಷಿಗೆ ಇದು ದಕ್ಕುವುದಿಲ್ಲ. ಹಾಸ್ಟೆಲ್ ಹಿಂದಿನ ಸಣ್ಣ ಊಟದ ಅಂಗಡಿಯಲ್ಲಿ ಬಡಿಸುವ ಹೆಂಗಸನ್ನು ಎಲ್ಲರೂ "ಇಮೊ" ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಅತ್ತೆ ಎನ್ನದೆ ಚಿಕ್ಕಮ್ಮ ಎನ್ನುವುದೇಕೆಂದು ಗೆಳೆಯರನ್ನು ಕೇಳಿದರೆ, ಅಮ್ಮನ ಕಡೆಯವರ ಹತ್ತಿರ ಸಲಿಗೆ ಹೆಚ್ಚಲ್ಲವೇ ಎಂದರು. ಇದಕ್ಕೂ ಟಿಪ್ಪಣಿ ಬೇಕಾಗಲಿಲ್ಲ. ಆಕೆ ಎದುರಾದಾಗಲೆಲ್ಲ ಕೇಳುತ್ತಿದ್ದುದು "ಬಾಪ್ ಮೊಗೊಸ್ಸೊಯೊ?" ಎಂದು. ಬಾಪ್ ಎಂದರೆ ಅನ್ನ, ಊಟ ಎಂದರೂ ಬಾಪ್. ಊಟ ಆಯಿತೇ ಎಂದು ಕೇಳಿದವರು ಊಟಕ್ಕೆ ಕರೆಯುತ್ತಿಲ್ಲ ಎಂಬುದು ನಮಗೆ ಗೊತ್ತು; ಮೆಕ್ಸಿಕೊದ ಒಬ್ಬ ಹುಡುಗ ಪಾಪ, "ಇಲ್ಲ" ಎಂದು ಹೇಳಿ ಕಾಯುತ್ತಾ ನಿಂತಿದ್ದ.

ಸಸ್ಯಾಹಾರದ ಪಾಡನ್ನು ಹೆಚ್ಚು ಹೇಳುವುದಿಲ್ಲ. ಮಾಂಸ ಬೇಡವೆಂದರೆ ಮಾಂಸ ಬರುವುದಿಲ್ಲ, ಆದರೆ ಅವರ ಉಪ್ಪಿನಕಾಯಿಯಾದ ಕಿಮ್ಚಿಯಲ್ಲಿ ಮೀನಿನ ರಸ, ಸಾರಿನಲ್ಲಿ ಒಣಮೀನಿನ ನೀರು ಇದ್ದೇ ಇರುತ್ತವೆ. ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸ ಮೀನಿನ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲವೆಂದು ತಿಳಿದಾಗ ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಆಕೆಗೆ ಆ ದೇಶದ ಮೇಲೆ ಮೊದಲ ಸಲ ವಿಶ್ವಾಸ ಮೂಡಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸದಿದ್ದರೆ ನಮ್ಮ ಜನ ಡೋಲು ತೆಗೆದುಕೊಂಡು ಹೊರಡುತ್ತಾರೆ. ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ. 1886ರಲ್ಲಿ ಕೊರಿಯಾಕ್ಕೆ ಪಾಠ ಹೇಳಲು ಬಂದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವರು ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ 1905ರಲ್ಲಿ ಪುಸ್ತಕವನ್ನೇ ಬರೆದರು. ಅವೆರಡೂ ಒಂದೇ ಬುಡದವು ಎಂಬುದನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ನನ್ನ ಉಜ್ಬೇಕ್ ಗೆಳೆಯನಿಗೂ ಜಪಾನಿನ ಸಹಪಾಠಿಗೂ ಕ್ರಿಯಾಪದ ಕೊನೆಗೆ ಬರುವ ವಾಕ್ಯ ನನ್ನಷ್ಟೇ ಸುಲಭವಾಗಿತ್ತು, ಅವರೇನು ನಮ್ಮ ದಾಯಾದಿಗಳೇ? ಹಾನ್ ನದಿಯ ದಂಡೆಯ ಯಾಂಗ್‌ಹ್ವಾಜಿನ್ ಸ್ಮಶಾನದಲ್ಲಿರುವ ಹಲ್ಬರ್ಟರ ಸಮಾಧಿಯನ್ನು ನವೆಂಬರಿನ ಒಂದು ಮಧ್ಯಾಹ್ನ ನೋಡಿ ಬಂದೆ. ಅವರ ವಾದ ನಿಲ್ಲದಿದ್ದರೂ ನನ್ನಂಥ ವಿದ್ಯಾರ್ಥಿಗೆ ನಷ್ಟವಿಲ್ಲ. ಪರೀಕ್ಷೆಯಲ್ಲಿ ಅಂಕ ಕೊಡುವುದು ಹೋಲಿಕೆ.

ಬೆಂಗಳೂರಿನಲ್ಲಿ ಕೊರಿಯನ್ ಧಾರಾವಾಹಿ ನೋಡಿ ಭಾಷೆ ಕಲಿಯುತ್ತಿರುವ ನನ್ನ ಮಾವನ ಮಗಳಿಗೆ ಇದನ್ನೇ ಹೇಳಿದ್ದೇನೆ: ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಮುಚ್ಚಿ, ಕೇಳಿದ್ದನ್ನು ಬಾಯಲ್ಲಿ ಕನ್ನಡಕ್ಕೆ ತಿರುಗಿಸುತ್ತಾ ಹೋಗು. ಎರಡು ಕಂತು ಕಳೆದ ಮೇಲೆ ಆಕೆ ಫೋನ್ ಮಾಡಿ, "ಇವರು ಎಲ್ಲದಕ್ಕೂ 'ಅಂತೆ' ಸೇರಿಸುತ್ತಾರಲ್ಲ, ಥೇಟ್ ನಮ್ಮ ಅಜ್ಜಿ" ಎಂದಳು.

ಡಿಸೆಂಬರಿನಲ್ಲಿ ಕೊನೆಯ ಪರೀಕ್ಷೆ ಮುಗಿಸಿ ನಾನೂ ಜರ್ಮನಿಯ ಹುಡುಗಿಯೂ ಬಸ್ ನಿಲ್ದಾಣಕ್ಕೆ ಓಡಿದೆವು. ಮೂಗು ಕತ್ತರಿಸುವ ಚಳಿ. ನಾವು ರಸ್ತೆ ದಾಟುವಷ್ಟರಲ್ಲಿ ಬಸ್ಸು ಹೊರಟಿತು. ಆಕೆ ಏದುಸಿರು ಬಿಡುತ್ತಾ "ಬೊಸಗಾ ಗಾ..." ಎಂದು ಶುರುಮಾಡಿ, ಕೊನೆಯ ಪದಕ್ಕೆ ತಡವರಿಸಿ, ನನ್ನ ಕಡೆ ತಿರುಗಿ ಜೋರಾಗಿ ಹೇಳಿದಳು: "ಬಿಡು!"