ಸೆಕೆಂಡಿಗೆ 14,000 ಎಂಬಿ, ಟೇಬಲ್ಲಿಗೆ 14 ದಿನ

ನಮ್ಮ ತಾತ ಪಹಣಿಯಲ್ಲಿ ಹೆಂಗಸಾಗಿದ್ದಾರೆ. ಹೆಸರು ಟೈಪ್ ಮಾಡುವಾಗ ಕೊನೆಯ 'ಪ್ಪ' ಹೋಗಿ 'ಮ್ಮ' ಬಂದು ಕೂತಿದೆ. ಬದುಕಿದ್ದಾಗ ದಿನಾ ಮೀಸೆಗೆ ಹರಳೆಣ್ಣೆ ತೀಡುತ್ತಿದ್ದ ಮನುಷ್ಯ ಅವರು. ಆ ಒಂದಕ್ಷರ ತಿದ್ದಿಸಲು ನಾನು ಹಾಸನದ ಒಂದು ಕಚೇರಿಗೆ ಅಲೆಯಲು ಶುರು ಮಾಡಿ ಈ ದೀಪಾವಳಿಗೆ ಎರಡು ವರ್ಷ. ಹಾಸನಾಂಬೆ ವರ್ಷಕ್ಕೊಂದು ಸಲವಾದರೂ ತಪ್ಪದೆ ಬಾಗಿಲು ತೆರೆಯುತ್ತಾಳೆ. ನಮ್ಮ ಕೌಂಟರಿಗೆ ಆ ನೇಮವೂ ಇಲ್ಲ.

ಹೋದಾಗಲೆಲ್ಲ ಒಂದೇ ಮಂತ್ರ. "ಸರ್ವರ್ ಇಲ್ಲ ಕಣಣ್ಣ, ನಾಳಿಕ್ ಬನ್ನಿ."

ಮೊದಮೊದಲು ಸರ್ವರ್ ಅಂದರೆ ಯಾರೋ ರಜೆ ಮೇಲೆ ಹೋದ ನೌಕರ ಅಂದುಕೊಂಡಿದ್ದವರು ಸಾಲಿನಲ್ಲಿ ನಾಲ್ಕು ಜನ ಇದ್ದರು. ತಪ್ಪೇನಲ್ಲ. ಲಕ್ಷಣವೆಲ್ಲ ಹಾಗೇ ಇತ್ತು.

ಕೊನೆಗೆ ಆಷಾಢ ಕಳೆಯಿತು, ಹೊಸ ಸರ್ವರ್ ಬಂತು. ಅದರೊಳಗೆ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಮೆಮೊರಿ ಚಿಪ್ಪಿನಲ್ಲಿ ಮಾಹಿತಿ ಇಡುವ ಡ್ರೈವ್. ಅದೂ ಸಾಮಾನ್ಯದ್ದಲ್ಲ, ಎನ್‌ವಿಎಂಇ (ಇಂಥ ಡ್ರೈವಿಗೆ ಬೇಗ ಕೆಲಸ ಹೇಳಲೆಂದೇ ಮಾಡಿದ ನಿಯಮ) ಪ್ರಕಾರದ್ದು, ಐದನೇ ತಲೆಮಾರಿನದು. ಸೆಕೆಂಡಿಗೆ 14,000 ಎಂಬಿ ಓದುತ್ತದಂತೆ. ಸರ್ಕಲ್ಲಿನಲ್ಲಿ ಇಪ್ಪತ್ತು ಅಡಿ ಫ್ಲೆಕ್ಸ್ ನಿಂತಿತು. ಆದರೆ ಅಸಲಿ ಸಾಮಾನು ಇರುವುದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಪೂಜೆ ದಿನ ಕುಂಕುಮ ಎಲ್ಲಿ ಇಡುವುದು ಅಂತಲೇ ಹತ್ತು ನಿಮಿಷ ಚರ್ಚೆ ನಡೆಯಿತು. ಕೊನೆಗೆ ಡಬ್ಬಕ್ಕೆ ಇಟ್ಟರು. ಬೂದುಗುಂಬಳ ಒಡೆದರು. ರಿಬ್ಬನ್ ಕತ್ತರಿಸಿದರು. ಭಾಷಣದಲ್ಲಿ 'ವೇಗ' ಅನ್ನುವ ಪದ ಎಷ್ಟು ಸಲ ಬಂತೆಂದು ಎಣಿಸುತ್ತಾ ನಾನು ಹನ್ನೊಂದಕ್ಕೆ ನಿದ್ದೆ ಹೋದೆ. ಮಧ್ಯಾಹ್ನ ಪುಳಿಯೋಗರೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಊಟ ಆದ ಮೇಲೆ ಒಂದು ಲೆಕ್ಕ ಹಾಕಿದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ 'ಪ್ಪ' ಅಂದರೆ 9 ಬೈಟ್. ಈ ಡ್ರೈವ್ ತನ್ನ ಪೂರ್ತಿ ವೇಗದಲ್ಲಿ ಒಂದು ಸೆಕೆಂಡಿಗೆ ನೂರೈವತ್ತು ಕೋಟಿ 'ಪ್ಪ' ಓದಬಲ್ಲದು. ದೇಶದಲ್ಲಿರುವ ಎಲ್ಲರಿಗೂ ಒಂದೊಂದು ಹಂಚಿದರೂ ಮಿಗುತ್ತದೆ. ನನಗೆ ಬೇಕಿರುವುದು ಒಂದೇ ಒಂದು.

ಮರುದಿನ ಒಂಬತ್ತೂವರೆಗೇ ಹೋಗಿ ನಿಂತೆ. "ಸರ್ವರ್ ಇದೆ ಕಣಣ್ಣ. ಆದ್ರೆ ಸ್ಲೋ."

ಅಲ್ಲಿ ಒಬ್ಬ ಆಪರೇಟರ್ ಹುಡುಗ ಇದ್ದಾನೆ, ಗುತ್ತಿಗೆ ಮೇಲೆ. ಇಡೀ ಕಚೇರಿಯಲ್ಲಿ ವಿಷಯ ಗೊತ್ತಿರುವವನು ಅವನೊಬ್ಬ. ಹಾಗಾಗಿ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಟೀ ಅಂಗಡಿಯಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದ. "ಸಾರ್, ಡ್ರೈವು ಐದನೇ ತಲೆಮಾರಿಂದು, ನಿಜ. ಆದ್ರೆ ಅದನ್ನ ಸಿಗಿಸಿರೋ ಬೋರ್ಡು ಮೂರನೇದು. ಅಲ್ಲಿಗೇ 14,000 ಹೋಗಿ 3,500 ಆಯ್ತು. ಇರ್ಲಿ, ಅದೂ ಜಾಸ್ತೀನೇ. ಆದ್ರೆ ಪಹಣಿ ಇರೋದು ಇದ್ರಲ್ಲಿ ಅಲ್ಲ ಸಾರ್, ಬೆಂಗ್ಳೂರಲ್ಲಿ. ಅಲ್ಲಿಂದ ಇಲ್ಲಿಗೆ ಬರೋ ಲೈನು 100 ಎಂಬಿಪಿಎಸ್. ಅದು ಬಿಟ್ ಲೆಕ್ಕ, ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಬೈಟ್ ಲೆಕ್ಕದಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಅದೂ ಬಂದ್ರೆ!"

ಅಂದರೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ, ತೂಬಿನ ಬಾಯಿಗೆ ಡ್ರಿಪ್ ಪೈಪು ಸಿಗಿಸಿದ ಹಾಗೆ. ತೋಟ ಒಣಗುತ್ತಿದೆ ಅಂದರೆ ಅಣೆಕಟ್ಟನ್ನು ಇನ್ನೂ ಎತ್ತರ ಮಾಡೋಣ ಅನ್ನುತ್ತಾರೆ. ಪೈಪಿನ ಮಾತು ಎತ್ತಿದವನೇ ಅಭಿವೃದ್ಧಿಯ ಶತ್ರು.

ಹೋಗಲಿ, ಲೈನನ್ನೂ ದಪ್ಪ ಮಾಡಿದರು ಅಂದುಕೊಳ್ಳೋಣ. ಆಮೇಲೆ ಟೇಬಲ್‌ಗಳಿವೆಯಲ್ಲ! ಇದೇ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, 1982ರಿಂದ. ಅಲ್ಲಿಂದ ಹೊರಟ ಆಜ್ಞೆ 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಮುಟ್ಟುತ್ತದೆ. ನನ್ನ ಅರ್ಜಿಗೆ ಮೂರನೇ ಟೇಬಲಿನಿಂದ ನಾಲ್ಕನೇ ಟೇಬಲಿಗೆ ಹೋಗಲು 14 ದಿನ ಹಿಡಿಯಿತು. ನಡುವೆ ಇರುವುದು ಒಂದು ಕಬ್ಬಿಣದ ಬೀರು.

ಸಾಲಿನ ಕಥೆ ಇನ್ನೂ ಚೆಂದ. ಸಾಟಾ ಅನ್ನುವ ಹಳೇ ಕಾಲದ ಜೋಡಣೆಯ ಡ್ರೈವಿಗೆ ಕೆಲಸ ಹೇಳಲು ಒಂದೇ ಸಾಲು, ಅದರಲ್ಲಿ 32 ಜನಕ್ಕೆ ಜಾಗ. 2011ರಲ್ಲಿ ಎನ್‌ವಿಎಂಇ ನಿಯಮ ಬಂತು. ಫ್ಲ್ಯಾಶ್ ಮೆಮೊರಿಗೆ ತಿರುಗುವ ತಟ್ಟೆ ಇಲ್ಲ, ಓಡಾಡುವ ಮುಳ್ಳಿಲ್ಲ, ಹಾಗಿದ್ದ ಮೇಲೆ ಒಂದೇ ಬಾಗಿಲಲ್ಲಿ ಯಾಕೆ ನೂಕುನುಗ್ಗಲು ಅಂತ 64,000 ಸಾಲುಗಳವರೆಗೆ ಅವಕಾಶ ಕೊಟ್ಟರು. ಒಂದೊಂದು ಸಾಲಿಗೂ 64,000 ಕೆಲಸ ಹಿಡಿಸುತ್ತದೆ. ಇದನ್ನು ನಾನು ಸಾಲಿನಲ್ಲಿ ನಿಂತೇ ಪಕ್ಕದ ಯಜಮಾನರಿಗೆ ವಿವರಿಸಿದೆ. ಅವರು ಆಲೂರು ಕಡೆಯವರು, ಪೋಡಿಗೆ ಬಂದಿದ್ದವರು. ಎದುರಿಗಿದ್ದ ಆರು ಕೌಂಟರ್ ನೋಡಿದರು. ಐದಕ್ಕೆ 'ಮುಚ್ಚಿದೆ' ಬೋರ್ಡು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕೇಳಿದರು: "ಅಲ್ಲಪ್ಪ, ಅಷ್ಟು ಸಾವ್ರದಾಗೆ ಇನ್ನೊಂದು ಸಾಲ್ನ ಈ ಕಡೀಕೆ ತಿರುಗ್ಸಕ್ಕೆ ಆಗಕಿಲ್ವಾ?"

ಅಷ್ಟರಲ್ಲಿ ಕರೆಂಟ್ ಹೋಯಿತು. ಆಗಲೇ ನನಗೆ ಆ ಡ್ರೈವಿನ ಮೇಲೆ ನಿಜವಾದ ಗೌರವ ಹುಟ್ಟಿದ್ದು. ಸರ್ವರಿಗೆಂದೇ ಮಾಡಿದ ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಹೋದರೂ ಅವುಗಳಲ್ಲಿ ಉಳಿದ ಚೂರು ಶಕ್ತಿಯಿಂದ, ಕೈಗೆ ಬಂದ ಕೆಲಸವನ್ನು ಬರೆದು ಮುಗಿಸಿಯೇ ಡ್ರೈವ್ ಆರುತ್ತದೆ. ಅರ್ಧಕ್ಕೆ ಬಿಡುವುದಿಲ್ಲ. ಮುಂದಿನ ಕುರ್ಚಿಯಲ್ಲಿದ್ದವರಲ್ಲಿ ಈ ಕೆಪಾಸಿಟರ್ ಇರಲಿಲ್ಲ. ಫ್ಯಾನ್ ನಿಲ್ಲುವ ಮೊದಲೇ ಕುರ್ಚಿ ಖಾಲಿ.

ಆದರೆ ಸಹವಾಸ ದೋಷ ಯಾರನ್ನೂ ಬಿಡುವುದಿಲ್ಲ. ಈ ಡ್ರೈವು ಕಾದರೆ ತಾನಾಗಿಯೇ ನಿಧಾನ ಮಾಡುತ್ತದೆ. ಸುಟ್ಟುಹೋಗಬಾರದಲ್ಲ, ಅದಕ್ಕೆ. ತಣ್ಣಗಿಡಲೆಂದು ಸರ್ವರ್ ಕೋಣೆಗೆ ಹಾಕಿದ್ದ ಎಸಿ ಈಗ ಸಾಹೇಬರ ಕೋಣೆಯಲ್ಲಿದೆ. ಹಾಗಾಗಿ ಬೆಳಿಗ್ಗೆ ಚುರುಕು, ಹನ್ನೊಂದೂವರೆ ಆದರೆ ತೂಕಡಿಕೆ. ಎರಡೇ ತಿಂಗಳಲ್ಲಿ ಪಕ್ಕಾ ನೌಕರ.

ಮೊನ್ನೆ ಹೋದಾಗ ಆಪರೇಟರ್ ಹುಡುಗ ಒಬ್ಬನೇ ಇದ್ದ. ಕುತೂಹಲಕ್ಕೆ ಕೇಳಿದೆ: "ಪಹಣಿ ಇದರಲ್ಲಿ ಇಲ್ಲ ಅಂದ್ಯಲ್ಲಪ್ಪ, ಮತ್ತೆ ಏನಿದೆ?"

ಅವನು ಆಚೀಚೆ ನೋಡಿ ಫೋಲ್ಡರ್ ತೆರೆದ. ನಾಲ್ಕು ಟಿಬಿ ಜಾಗದಲ್ಲಿ ಇದ್ದುದು ಒಂದೇ: ಉದ್ಘಾಟನೆಯ ಫೋಟೋ, ವಿಡಿಯೋ. ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಂಡವು. ನಿಜ ಹೇಳುತ್ತೇನೆ, ಅಷ್ಟು ಬಿರ್ರನೆ ಫೋಟೋ ತೆರೆದಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಕುಂಬಳಕಾಯಿ, ಹಾರ, ರಿಬ್ಬನ್, ಕತ್ತರಿ ಹಿಡಿದ ಕೈ, ಆ ಕೈಯನ್ನು ಹಿಡಿದ ಇನ್ನೊಂಬತ್ತು ಕೈ.

"ಸಾರ್, ಇದ್ನ ನೋಡಿ" ಅಂತ ಹುಡುಗ ಒಂದು ಫೋಟೋ ದೊಡ್ಡದು ಮಾಡಿದ. ಹಾರಗಳ ಹಿಂದೆ, ಕಿಟಕಿಯಾಚೆ, ಆರನೇ ಕೌಂಟರಿನ ಸಾಲು ಕಾಣುತ್ತಿತ್ತು. ಮೂರನೆಯವನು ನಾನು. ಇದೇ ಅಂಗಿ, ಕಂಕುಳಲ್ಲಿ ಇದೇ ಫೈಲು.