ಹನ್ನೊಂದು ಮಂದಿಗೆ ಒಂದೊಂದೇ ಕ್ಯಾಪುಚಿನೋ

ಕ್ಯಾಪುಚಿನೋ ಎಂಬುದು ಎಸ್ಪ್ರೆಸ್ಸೊ ಎಂಬ ಗಟ್ಟಿ ಕಾಫಿಯ ಮೇಲೆ ನೊರೆಹಾಲು ಸುರಿದು ಒಂದು ಸಲಕ್ಕೆ ಒಬ್ಬರಿಗಾಗಿ ಮಾಡುವ, ಮಾಡಿದ ಕೂಡಲೇ ಕುಡಿದುಬಿಡಬೇಕಾದ ಪಾನೀಯ. ಕ್ರಿಸ್‌ಮಸ್ ರಜೆಯಾದರೋ ಮೈಸೂರಿನಂಥ ಊರಿನಲ್ಲಿ ಮನೆಯಿರುವವರ ಪಾಲಿಗೆ ನೆಂಟರೆಲ್ಲ ಒಟ್ಟಿಗೇ ಬಂದಿಳಿಯುವ ಕಾಲ. ಈ ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಕೂಡಿಸಲು ಹೊರಟವನು ನನ್ನ ಹೆಂಡತಿಯ ತಮ್ಮ. ಮಕ್ಕಳ ಶಾಲೆಗೆ ರಜೆ ಸಿಕ್ಕಿದ್ದೇ ತಡ, ಸಂಸಾರ ಸಮೇತನಾಗಿ ಬೆಂಗಳೂರಿನಿಂದ ಹೊರಟುಬಂದ ಅವನು ಕಾರಿನ ಡಿಕ್ಕಿಯಿಂದ ಬಟ್ಟೆಬರೆಗಿಂತ ಮೊದಲು ಇಳಿಸಿದ್ದು ಎಸ್ಪ್ರೆಸ್ಸೊ ಯಂತ್ರದ ಪೆಟ್ಟಿಗೆಯನ್ನು. "ಭಾವ, ಈ ಸಲ ಯಾರೂ ಹೊರಗಡೆ ಕಾಫಿ ಕುಡಿಯೋ ಹಾಗಿಲ್ಲ" ಎಂದು ಅಪ್ಪಣೆಯನ್ನೂ ಕೊಡಿಸಿದ. ಹೊರಗೆ ಹೋಗಿ ಕುಡಿಯುವ ಯೋಚನೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೆಳಿಗ್ಗೆ ಧನುರ್ಮಾಸದ ಹುಗ್ಗಿ, ಮಧ್ಯಾಹ್ನ ಹಿತಕಿದ ಅವರೆಬೇಳೆಯ ಸಾರು, ಸಂಜೆ ಅರಮನೆಯ ಆವರಣದ ಫಲಪುಷ್ಪ ಪ್ರದರ್ಶನ, ಇವುಗಳ ನಡುವೆ ಫಿಲ್ಟರ್ ಕಾಫಿ, ಇಷ್ಟೇ ನಮ್ಮ ಕಾರ್ಯಕ್ರಮವಾಗಿತ್ತು.

ಯಂತ್ರವನ್ನು ದೂಷಿಸುವಂತಿಲ್ಲ. 1901ರಲ್ಲಿ ಮಿಲಾನಿನ ಲುಯಿಜಿ ಬೆಟ್ಸೇರಾ ಎಂಬಾತ ಪೇಟೆಂಟ್ ಮಾಡಿಸಿದ ಯಂತ್ರದ ಉದ್ದೇಶವೇ ಗಿರಾಕಿ ಕೇಳಿದ ತಕ್ಷಣ ಅವನೊಬ್ಬನ ಬಟ್ಟಲಿಗೆ ಬೇಗನೆ ಕಾಫಿ ಇಳಿಸಿಕೊಡುವುದಾಗಿತ್ತು. ಇಟಲಿಯ ಗಿರಾಕಿ ನಿಂತೇ ಕುಡಿಯುತ್ತಾನೆ, ಕಾಸು ಕೊಡುತ್ತಾನೆ, ಹೊರಟುಹೋಗುತ್ತಾನೆ. ನಮ್ಮ ನೆಂಟರು ಕುಳಿತು ಕುಡಿಯುತ್ತಾರೆ, ಕಾಸು ಕೊಡುವುದಿಲ್ಲ, ಹೊರಡುವುದೂ ಇಲ್ಲ. ಈ ವ್ಯತ್ಯಾಸವನ್ನು ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಎಲ್ಲಿಯೂ ನಮೂದಿಸಿರಲಿಲ್ಲ.

ಮೊದಲ ತಕರಾರು ಪುಡಿಯದು. ನಮ್ಮ ಮನೆಗೆ ಬರುವುದು ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ ಬೆರೆಸಿದ ಪುಡಿ. ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುವುದರಿಂದ ಅಲ್ಲಿ ಚಿಕೋರಿ ಸಜ್ಜನಿಕೆಯಿಂದ ವರ್ತಿಸಿ, ಡಿಕಾಕ್ಷನ್‌ಗೆ ಬಣ್ಣವನ್ನೂ ಮಂದವನ್ನೂ ಕೊಟ್ಟು ಸುಮ್ಮನಾಗುತ್ತದೆ. ಎಸ್ಪ್ರೆಸ್ಸೊ ಯಂತ್ರದ ವ್ಯವಹಾರ ಬೇರೆ. ಸುಮಾರು 93 ಡಿಗ್ರಿ ಕಾದ ನೀರನ್ನು ಪಂಪು ಒಂಬತ್ತು ಬಾರ್ ಒತ್ತಡದಲ್ಲಿ, ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಒಂಬತ್ತರಷ್ಟು ಬಲದಲ್ಲಿ, ಅದುಮಿ ಕೂರಿಸಿದ ಪುಡಿಯೊಳಗೆ ನುಗ್ಗಿಸುತ್ತದೆ. 25ರಿಂದ 30 ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಚಿಕೋರಿ ನೀರು ಕಂಡೊಡನೆ ಉಬ್ಬಿ, ಅಂಟಾಗಿ, ಜಾಲರಿಯ ಸಣ್ಣ ರಂಧ್ರಗಳಿಗೆ ಬಳಿದುಕೊಂಡಿತು. ಪಂಪು ಗೊರಗುಟ್ಟಿತೇ ಹೊರತು ಬಟ್ಟಲಿಗೆ ಒಂದು ಹನಿಯೂ ಬೀಳಲಿಲ್ಲ. ಇಂಥ ಹೊತ್ತಿನಲ್ಲಿ ಯಂತ್ರವನ್ನು ಆರಿಸಿ, ಒಳಗಿನ ಒತ್ತಡ ಇಳಿಯುವ ತನಕ ಕೈಕಟ್ಟಿ ನಿಲ್ಲಬೇಕು. ಭಾವಮೈದ ಕೈಕಟ್ಟುವ ಜಾತಿಯವನಲ್ಲ. ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಪೋರ್ಟಾಫಿಲ್ಟರಿನ ಹಿಡಿಯನ್ನು ಹಿಡಿದು ಒಂದೇ ಸಲಕ್ಕೆ ತಿರುಗಿಸಿದ. ಯಂತ್ರ ಸೀನಿತು. ಅದರೊಳಗಿದ್ದ ಅಷ್ಟೂ ಪುಡಿ ಗೋಡೆಯ ಮೇಲೆ, ಸ್ಲ್ಯಾಬಿನ ಮೇಲೆ, ಅವನ ಬಿಳಿಯ ಟೀ ಶರ್ಟಿನ ಮೇಲೆ ಹಾಗೂ ಮೊಳೆಗೆ ನೇತುಹಾಕಿದ್ದ ಪಂಚಾಂಗದ ಕ್ಯಾಲೆಂಡರಿನ ಮೇಲೆ ಸಮನಾಗಿ ಹಂಚಿಹೋಯಿತು. ಕ್ಯಾಲೆಂಡರಿನಲ್ಲಿ ರಾಹುಕಾಲದ ಕೋಷ್ಟಕ ಪೂರ್ತಿ ಮುಚ್ಚಿಹೋದದ್ದರಿಂದ, ಉಳಿದ ರಜೆಯಲ್ಲಿ ಅಮ್ಮ ಯಾವ ಕೆಲಸಕ್ಕೆ ಕೈ ಹಾಕುವಾಗಲೂ ಅವನನ್ನೊಮ್ಮೆ ದಿಟ್ಟಿಸಿ ನೋಡಿಯೇ ಮುಂದುವರಿಯುತ್ತಿದ್ದಳು.

ಚಿಕೋರಿಯಿಲ್ಲದ ಪುಡಿಗಾಗಿ ನಾವಿಬ್ಬರೂ ಖಾಯಂ ಅಂಗಡಿಗೆ ಹೋದೆವು. ಬೀಜವನ್ನು ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯದು. ಫಿಲ್ಟರಿನ ಪುಡಿಗಿಂತ ನುಣುಪಾಗಿರಬೇಕು, ಆದರೆ ಹಿಟ್ಟಿನಂತಾಗಬಾರದು, ಚಿಕೋರಿ ಮಾತ್ರ ಬೇಡವೇ ಬೇಡ ಎಂದು ಭಾವಮೈದ ವಿವರಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಅಂಗಡಿಯವರು ನನ್ನ ಕಡೆ ತಿರುಗಿ, "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಸಾರ್?" ಎಂದು ವಿಚಾರಿಸಿದರು. ಪುಡಿಯನ್ನಂತೂ ಬಹಳ ಚೆನ್ನಾಗಿ ಮಾಡಿಕೊಟ್ಟರು. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ನಡೆಯುವುದು ಈ ದಿನಗಳಲ್ಲಿಯೇ. ಮೂಡಿಗೆರೆಯ ಕಡೆ ತೋಟವಿರುವ ನಮ್ಮ ನೆಂಟರು ಅದೇ ಕಾರಣಕ್ಕೆ ಡಿಸೆಂಬರಿನಲ್ಲಿ ಊರು ಬಿಟ್ಟು ಕದಲುವುದಿಲ್ಲ. ಅವರೂ ಬಂದಿದ್ದರೆ ಮುಂದೆ ನಾನು ಹೇಳಲಿರುವ ಸಾಲು ಇನ್ನೂ ಉದ್ದವಾಗುತ್ತಿತ್ತು.

ಎರಡನೆಯದು ಹಾಲು. ನೊರೆ ಚೆನ್ನಾಗಿ ಬರಬೇಕಾದರೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ, ಕಾಯಿಸದ, ತಣ್ಣನೆಯ ಹಾಲು ಬೇಕು. ಹಬೆಯಿಂದ ಅದನ್ನು ನಿಧಾನವಾಗಿ ಬಿಸಿಯೇರಿಸುವಾಗ ಹಾಲಿನ ಪ್ರೋಟೀನು ಗಾಳಿಯ ಗುಳ್ಳೆಗಳ ಸುತ್ತ ಪೊರೆಯಾಗಿ ನಿಂತು ಅವು ಒಡೆಯದಂತೆ ಕಾಯುತ್ತದೆ. ನಮ್ಮ ಮನೆಯಲ್ಲಿ ಕಾಯಿಸದ ಹಾಲು ಎಂಬ ಪದಾರ್ಥದ ಆಯುಷ್ಯ ಗೇಟಿನಿಂದ ಒಲೆಯವರೆಗೆ ಮಾತ್ರ. ಬೆಳಿಗ್ಗೆ ಐದೂವರೆಗೆ ನಂದಿನಿ ಶುಭಂ ಪ್ಯಾಕೆಟ್ಟುಗಳು ಬರುತ್ತವೆ, ಅಮ್ಮ ಅಷ್ಟನ್ನೂ ದೊಡ್ಡ ಪಾತ್ರೆಗೆ ಸುರಿದು ಮೂರು ಸಲ ಉಕ್ಕಿಸುತ್ತಾಳೆ, ಶೇಕಡಾ 4.5ರಷ್ಟು ಕೊಬ್ಬಿರುವ ಆ ಹಾಲಿನ ಮೇಲೆ ಏಳು ಗಂಟೆಯ ಹೊತ್ತಿಗೆ ರೊಟ್ಟಿಯಷ್ಟು ದಪ್ಪನೆಯ ಕೆನೆ ಕಟ್ಟಿರುತ್ತದೆ. ಎಂಟಕ್ಕೆ ಎದ್ದು ಬಂದ ಭಾವಮೈದ ಹಸಿ ಹಾಲು ಎಲ್ಲಿ ಎಂದು ಕೇಳಿದರೆ, "ಮನೆ ತುಂಬ ಮಕ್ಕಳಿರುವಾಗ ಹಾಲನ್ನ ಕಾಯಿಸದೆ ಇಡೋದುಂಟೇನಪ್ಪಾ?" ಎಂಬ ಉತ್ತರ ಬರುತ್ತಿತ್ತು. ಡೇರಿಯವರು ಆಗಲೇ ಪಾಶ್ಚೀಕರಿಸಿ ಕಳಿಸಿರುತ್ತಾರೆ ಎಂದು ಅವನು ವಾದಿಸಿ ನೋಡಿದ. ಅವರು ಕಾಯಿಸಿದ್ದನ್ನು ತಾನು ಕಂಡಿಲ್ಲವೆಂದು ಅಮ್ಮ ಹೇಳಿದಳು. ಕೊನೆಗೆ ಅವನು ರಾತ್ರಿಯೇ ಅಂಗಡಿಯಿಂದ ಪ್ಯಾಕೆಟ್ಟುಗಳನ್ನು ತಂದು, ತರಕಾರಿಯ ಟ್ರೇಯಲ್ಲಿ ಅವರೆಕಾಯಿಯ ಚೀಲದ ಅಡಿಯಲ್ಲಿ ಬಚ್ಚಿಡತೊಡಗಿದ. ಮೊದಲ ರಾತ್ರಿ ಬಚ್ಚಿಟ್ಟದ್ದನ್ನು ಅಮ್ಮ ಬೆಳಿಗ್ಗೆ ಅವರೆಕಾಯಿ ಸುಲಿಯಲು ಕೂತಾಗ ಪತ್ತೆಹಚ್ಚಿ ಕಾಯಿಸಿಟ್ಟಿದ್ದಳು.

ಹಾಲು ಎಷ್ಟು ಬಿಸಿಯಾಗಬೇಕು ಎಂಬುದು ಇದಕ್ಕಿಂತ ಸೂಕ್ಷ್ಮವಾದ ವಿಷಯ. ಇಟಲಿಯವರ ಅಳತೆಯಲ್ಲಿ ಒಂದು ಕ್ಯಾಪುಚಿನೋ ಎಂದರೆ 25 ಮಿಲಿಲೀಟರ್ ಎಸ್ಪ್ರೆಸ್ಸೊ, ಅದರ ಮೇಲೆ 55 ಡಿಗ್ರಿಯ ಆಸುಪಾಸಿಗೆ ತಂದು ನೊರೆಯೆಬ್ಬಿಸಿದ 100 ಮಿಲಿಲೀಟರ್ ಹಾಲು. ಕೆಲವರು 65ರವರೆಗೂ ಹೋಗುತ್ತಾರೆ. 70 ದಾಟಿದರೆ ನೊರೆ ಒರಟಾಗಿ ಹಾಲು ಕಾಯಿಸಿದ ವಾಸನೆ ಹೊಡೆಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಸ್ಟೀಲ್ ಜಗ್ಗಿನ ತಳಕ್ಕೆ ಅಂಗೈ ಒತ್ತಿಕೊಂಡಿರಬೇಕು, ಕೈ ತಾಳಲಾರದಂತಾದ ಕ್ಷಣವೇ ಹಬೆಯನ್ನು ನಿಲ್ಲಿಸಬೇಕು ಎಂದು ಭಾವಮೈದ ಎಲ್ಲರಿಗೂ ಪಾಠ ಮಾಡಿದ. ಹಬೆಯ ಕೊಳವೆಯ ತುದಿ ಮೊದಲು ಹಾಲಿನ ಮೇಲ್ಮೈಗೆ ತಾಕಿಯೂ ತಾಕದಂತಿದ್ದು ಗಾಳಿಯನ್ನು ಒಳಕ್ಕೆ ಸೆಳೆಯಬೇಕು, ಅನಂತರ ಸ್ವಲ್ಪ ಆಳಕ್ಕಿಳಿದು ಹಾಲನ್ನು ಸುಳಿಯಂತೆ ತಿರುಗಿಸಬೇಕು. ಮೊದಲನೆಯದರಲ್ಲೇ ನಿಂತರೆ ಸೋಪಿನ ಗುಳ್ಳೆ, ಎರಡನೆಯದರಿಂದಲೇ ಶುರುಮಾಡಿದರೆ ಬರೀ ಬಿಸಿಹಾಲು. ಅಮ್ಮ ಇದನ್ನೆಲ್ಲ ಗಮನವಿಟ್ಟು ಕೇಳಿ, ತಾನೂ ಒಂದು ಸಲ ಮಾಡುತ್ತೇನೆಂದು ಜಗ್ಗನ್ನು ಹಿಡಿದಳು. ಐವತ್ತು ವರ್ಷಗಳಿಂದ ಇಕ್ಕಳದ ಹಂಗಿಲ್ಲದೆ ಒಲೆಯ ಮೇಲಿನ ಪಾತ್ರೆಯನ್ನು ಇಳಿಸುತ್ತ ಬಂದ ಕೈ ಅದು. ತಾಳಲಾರದ ಕ್ಷಣ ಬರಲೇ ಇಲ್ಲ. ಹಾಲು ಉಕ್ಕಿ ಜಗ್ಗಿನಿಂದ ಹೊರಬಂದಾಗಲೂ ಅವಳು, "ಇನ್ನೂ ಉಗುರುಬೆಚ್ಚಗಿದೆ" ಎನ್ನುತ್ತಿದ್ದಳು.

ಅಂತೂ ಒಂದು ಬೆಳಿಗ್ಗೆ ಎಲ್ಲವೂ ಕೂಡಿಬಂದು ಮೊದಲ ಬಟ್ಟಲು ಸಿದ್ಧವಾಯಿತು. ನಿಜವನ್ನು ಹೇಳಿಬಿಡುತ್ತೇನೆ, ಅದು ಸೊಗಸಾಗಿತ್ತು. ಬೆರಳಿನಗಲದ ನೊರೆಯಲ್ಲಿ ಕಣ್ಣಿಗೆ ಕಾಣುವಂಥ ಒಂದು ಗುಳ್ಳೆಯೂ ಇಲ್ಲ, ಸಕ್ಕರೆ ಹಾಕದಿದ್ದರೂ ಹಾಲಿನ ಸಿಹಿ ನಾಲಗೆಗೆ ಹತ್ತುತ್ತಿತ್ತು. ಸಂಪ್ರದಾಯದಂತೆ ಅದನ್ನು ಹಿರಿಯರಾದ ಚಿಕ್ಕಪ್ಪನ ಮುಂದೆ ಹಿಡಿಯಲಾಯಿತು. ಚಿಕ್ಕಪ್ಪ, "ಅತ್ತಿಗೆಗೆ ಕೊಡಿ" ಎಂದರು. ಅಮ್ಮ, "ನಿಮ್ಮ ಸೋದರತ್ತೆ ದೂರದಿಂದ ಬಂದಿದ್ದಾರೆ, ಅವರಿಗೆ ಮೊದಲು" ಎಂದಳು. ಸೋದರತ್ತೆ ಮಕ್ಕಳನ್ನು ತೋರಿಸಿದರು, ಮಕ್ಕಳು ಮುಖ ತಿರುಗಿಸಿದರು. ಬಟ್ಟಲು ನಡುಮನೆಯನ್ನು ಒಂದು ಸುತ್ತು ಬಂದು ಚಿಕ್ಕಪ್ಪನ ಕೈಗೇ ಮರಳುವ ಹೊತ್ತಿಗೆ ನೊರೆ ಬೇರೆ, ಕಾಫಿ ಬೇರೆ ಆಗಿತ್ತು. ಅವರು ಒಂದು ಗುಟುಕು ಕುಡಿದು, ಬಹಳ ಮೆಲ್ಲಗೆ, ಯಾರ ಮನಸ್ಸೂ ನೋಯಬಾರದೆಂಬ ದನಿಯಲ್ಲಿ, "ಚೆನ್ನಾಗಿದೆ. ಸ್ವಲ್ಪ ಬಿಸಿ ಮಾಡ್ಕೊಂಡು ಬಾಮ್ಮ" ಎಂದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಲೋಟದ ಅಂಚು ತುಟಿ ಸುಡದಿದ್ದರೆ ಅದನ್ನು ಕಾಫಿಯೆಂದು ಒಪ್ಪುವ ವಂಶ ನಮ್ಮದಲ್ಲ. ಅವಳು ಅದನ್ನು ಪುಟ್ಟ ಪಾತ್ರೆಗೆ ಸುರಿದು, ಒಲೆಯ ಮೇಲಿಟ್ಟು, ಉಕ್ಕು ಬರುವವರೆಗೆ ಕಾಯಿಸಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿ ತಂದಳು. ಚಿಕ್ಕಪ್ಪ, "ಈಗ ಸರಿಹೋಯ್ತು ನೋಡು" ಎಂದರು. ಭಾವಮೈದ ಆ ಹೊತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದ.

ಇಷ್ಟಾದರೂ ಮನೆಯಲ್ಲಿದ್ದ ಹನ್ನೊಂದು ಮಂದಿಯಲ್ಲಿ ಇನ್ನೂ ಹತ್ತು ಮಂದಿ ಬಾಕಿಯಿದ್ದರು. ಮನೆಬಳಕೆಯ ಯಂತ್ರದಲ್ಲಿ ಬಾಯ್ಲರ್ ಒಂದೇ. ಕಾಫಿ ಇಳಿಸಲು ಬೇಕಾಗುವ ಬಿಸಿಗಿಂತ ಹಬೆಯೆಬ್ಬಿಸಲು ಬೇಕಾಗುವ ಬಿಸಿ ಬಹಳ ಹೆಚ್ಚು. ಆದ್ದರಿಂದ ಕಾಫಿ ಇಳಿದ ಮೇಲೆ ಅದು ಕಾಯುವುದನ್ನು ನಾವು ಕಾಯಬೇಕು, ನೊರೆಯಾದ ಮೇಲೆ ಅದು ಆರುವುದನ್ನು ಕಾಯಬೇಕು, ನಡುನಡುವೆ ಕೊಳವೆ ಒರೆಸಬೇಕು, ಹಳೆಯ ಪುಡಿ ಕೊಡವಬೇಕು. ತಲೆಗೆ ಐದು ನಿಮಿಷವೆಂದರೂ ಕೊನೆಯವರ ಸರದಿ ಬರುವಷ್ಟರಲ್ಲಿ ಒಂದು ಗಂಟೆಗೆ ಸ್ವಲ್ಪವೇ ಕಡಿಮೆ. ಅಷ್ಟರಲ್ಲಿ ಮೊದಲು ಕುಡಿದವರಿಗೆ ಎರಡನೆಯ ಕಾಫಿಯ ಹೊತ್ತಾಗಿರುತ್ತದೆ. ಸಮಯ ಉಳಿಸಲೆಂದು ಸೋದರತ್ತೆಯವರು, "ನನಗೂ ಅವಳಿಗೂ ಸೇರಿಸಿ ಒಂದು ಬೈಟು ಮಾಡಪ್ಪಾ" ಎಂಬ ಸಲಹೆ ಕೊಟ್ಟರು. ಕ್ಯಾಪುಚಿನೋವನ್ನು ಬೈಟು ಮಾಡಲು ಬರುವುದಿಲ್ಲ. ಬಗ್ಗಿಸಿದಾಗ ಕೆಳಗಿನ ಕಾಫಿಯೆಲ್ಲ ಒಂದು ಲೋಟಕ್ಕೆ ಹೋಯಿತು, ನೊರೆಯೆಲ್ಲ ಇನ್ನೊಂದಕ್ಕೆ ಬಿತ್ತು. ಚಮಚೆಯಿಂದ ಅತ್ತಿತ್ತ ದಾಟಿಸಿ ನ್ಯಾಯ ತೀರಿಸುವುದಕ್ಕೆ ಹಿಡಿದ ಸಮಯದಲ್ಲಿ ಇನ್ನೊಂದನ್ನೇ ಮಾಡಬಹುದಿತ್ತು.

ವಿದ್ಯುತ್ತಿನ ಪ್ರಕರಣವನ್ನು ನಾನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ತಪ್ಪು ಯಾರದೂ ಅಲ್ಲ. ನಮ್ಮದು ಹಳೆಯ ಮನೆ. ಅಡುಗೆಮನೆಯ ಪವರ್ ಪ್ಲಗ್ಗೂ ಬಚ್ಚಲುಮನೆಯ ಗೀಸರೂ ಒಂದೇ 16 ಆಂಪಿಯರಿನ ಎಂಸಿಬಿಯ, ಎಂದರೆ ಹೊರೆ ಹೆಚ್ಚಾದರೆ ತಾನಾಗಿಯೇ ಕರೆಂಟು ಕಡಿಯುವ ಸ್ವಿಚ್ಚಿನ, ಕೆಳಗಿವೆ. ಗೀಸರು 3000 ವಾಟ್, ಯಂತ್ರ 1450 ವಾಟ್, ಎರಡೂ ಕೂಡಿದರೆ ಹತ್ತೊಂಬತ್ತು ಆಂಪಿಯರ್ ಮೀರುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ಎಂಸಿಬಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೀಳುತ್ತದೆ. ಹೊರೆ ಹೀಗೆ ತುಸುವೇ ಹೆಚ್ಚಾದರೆ ಹಾಗಲ್ಲ; ಒಳಗಿನ ಎರಡು ಲೋಹ ಬೆಸೆದ ಪಟ್ಟಿ ನಿಧಾನವಾಗಿ ಕಾದು, ಬಾಗಿ, ಇನ್ನು ಸಾಧ್ಯವಿಲ್ಲ ಎಂದಾಗ ಕೈಬಿಡುತ್ತದೆ. ಈ ಸಹನೆಯೇ ಅನಾಹುತಕ್ಕೆ ಕಾರಣವಾಯಿತು. ತಕ್ಷಣ ಬಿದ್ದಿದ್ದರೆ ಚಿಕ್ಕಪ್ಪ ಇನ್ನೂ ಟವೆಲ್ ಹುಡುಕುತ್ತಿರುತ್ತಿದ್ದರು. ಅದು ತಡೆದುಕೊಂಡು ತಡೆದುಕೊಂಡು ಬಿದ್ದಾಗ ಅವರು ತಲೆಯಿಂದ ಪಾದದವರೆಗೆ ಸೋಪು ಹಚ್ಚಿಕೊಂಡಿದ್ದರು. ಡಿಸೆಂಬರಿನ ಕೊನೆಯ ವಾರದ ಮೈಸೂರು, ಬೆಳಗಿನ ಆರೂಮುಕ್ಕಾಲು, ನಲ್ಲಿಯಲ್ಲಿ ತೊಟ್ಟಿಯ ತಣ್ಣೀರು. ಒಳಗಿನಿಂದ ಬಂದ ಪ್ರಶ್ನೆಗೆ ಭಾವಮೈದ ಹೊರಗಿನಿಂದ, "ಒಂದೇ ನಿಮಿಷ, ನೊರೆ ಆಗ್ತಾ ಇತ್ತು" ಎಂದು ಕೊಟ್ಟ ಉತ್ತರವನ್ನು ಚಿಕ್ಕಪ್ಪ ತಮ್ಮನ್ನು ಕುರಿತದ್ದೆಂದೇ ಭಾವಿಸಿದರು.

ಯಂತ್ರದ ಪರವಾಗಿಯೂ ಒಂದು ಮಾತನ್ನು ದಾಖಲಿಸಬೇಕು. ಹನ್ನೊಂದು ಜನಕ್ಕೂ ಒಂದೇ ಸಲಕ್ಕೆ ಆಗಲಿ ಎಂದು ಅಮ್ಮ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸಿ, ಕಡಗೋಲಿನಿಂದ ಕಡೆದು, ಗಟ್ಟಿ ಡಿಕಾಕ್ಷನ್‌ನ ಮೇಲೆ ಸುರಿದು ಒಂದು ಸಂಜೆ ಪೈಪೋಟಿಗೆ ಇಳಿದಿದ್ದಳು. ನೊರೆ ಆಳೆತ್ತರಕ್ಕೆದ್ದಿತು, ತಟ್ಟೆ ನಡುಮನೆಯನ್ನು ಮುಟ್ಟುವ ಮೊದಲೇ ಇಳಿದೂ ಹೋಯಿತು. ಕಡಗೋಲಿನ ಗುಳ್ಳೆ ದೊಡ್ಡದು, ಹಬೆಯ ಗುಳ್ಳೆ ಸಣ್ಣದು; ಸಣ್ಣದಕ್ಕೇ ಬಾಳಿಕೆ ಹೆಚ್ಚು. ನೆಂಟರೆಲ್ಲ ಹೊರಟು ಮನೆಯಲ್ಲಿ ನಾವು ಮೂವರೇ ಉಳಿದ ಮೇಲೆ, ಜಾಗವಿಲ್ಲವೆಂಬ ನೆಪದಲ್ಲಿ ಭಾವಮೈದ ನಮ್ಮಲ್ಲೇ ಬಿಟ್ಟುಹೋದ ಅದೇ ಯಂತ್ರದಿಂದ ನಾನೀಗ ದಿನವೂ ಎರಡು ಬಟ್ಟಲು ಇಳಿಸುತ್ತೇನೆ. ನನ್ನ ಹೆಂಡತಿ ಅದನ್ನು ನೊರೆಯಿರುವಾಗಲೇ ಕುಡಿಯುತ್ತಾಳೆ. ಅಮ್ಮನ ಫಿಲ್ಟರು ಪಕ್ಕದಲ್ಲಿಯೇ ತೊಟ್ಟಿಕ್ಕುತ್ತಿರುತ್ತದೆ. ಮೂರನೆಯ ಬಟ್ಟಲು ಯಾರೂ ಕೇಳುವುದಿಲ್ಲ.

ಜನವರಿಯ ಮೊದಲ ವಾರದಲ್ಲಿ ಗೀಸರಿಗೆ ಬೇರೆ ಲೈನು ಎಳೆಸಲು ಎಲೆಕ್ಟ್ರೀಷಿಯನ್‌ನನ್ನು ಕರೆಸಿದೆ. ಮಧ್ಯಾಹ್ನದವರೆಗೆ ಗೋಡೆ ಕೊರೆದು ದಣಿದಿದ್ದ ಅವನಿಗೆಂದು, ಹೊಸ ಪುಡಿ ಹಾಕಿ, ಹಾಲನ್ನು 60 ಡಿಗ್ರಿಗೇ ನಿಲ್ಲಿಸಿ, ಈವರೆಗೆ ನಮ್ಮ ಮನೆಯಲ್ಲಿ ಆದದ್ದರಲ್ಲೆಲ್ಲ ಅತ್ಯುತ್ತಮವೆನ್ನಬಹುದಾದ ಕ್ಯಾಪುಚಿನೋವನ್ನು ಒಯ್ದುಕೊಟ್ಟೆ. ಅವನು ಏಣಿಯಿಂದ ಇಳಿದು, ಕೈ ಒರೆಸಿಕೊಂಡು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನೊರೆಯನ್ನು ಆ ಬದಿಯಿಂದಲೂ ಈ ಬದಿಯಿಂದಲೂ ಪರೀಕ್ಷಿಸಿ, "ಸಾರ್, ಬೇಜಾರು ಮಾಡ್ಕೋಬೇಡಿ, ಟೀ ಇದ್ರೆ ಕೊಡಿ" ಎಂದ.